ಯೋಹಾನಾಳ ಎಡಗೆನ್ನೆ

೧

ಎಲ್ಲಿಂದ ಶುರುಮಾಡಲಿ ಎಂದು ನಿಮ್ಮನ್ನೇ ಕೇಳಬೇಕೆಂದಿದ್ದೆ. ಆದರೆ ನೀವಿನ್ನೂ ಕುರ್ಚಿ ಎಳೆದುಕೊಂಡು ಕೂತಿಲ್ಲ, ಕನ್ನಡಕ ಹುಡುಕುತ್ತಿದ್ದೀರಿ. ಅಷ್ಟರಲ್ಲಿ ನಾನು ಮೂರು ಆರಂಭ ಬರೆದು ಮೂರನ್ನೂ ಹೊಡೆದುಹಾಕಿದ್ದೇನೆ.

ಮೊದಲನೆಯದು ಹೀಗಿತ್ತು: "ಮಾರ್ಟೆನ್ ಹಾಫ್‌ಸ್ಟ್ರಾ ೧೯೩೦ರಲ್ಲಿ ಹಾಲೆಂಡಿನ ಉತ್ತರ ತುದಿಯ ಒಂದು ಹಳ್ಳಿಯಲ್ಲಿ ಜನಿಸಿದರು. ಇಪ್ಪತ್ತೆರಡನೆಯ ವಯಸ್ಸಿಗೆ ಹಡಗು ಹತ್ತಿ ನ್ಯೂಜಿಲೆಂಡಿಗೆ ಬಂದರು. ಬೇಕರಿಯಲ್ಲಿ ದುಡಿದರು, ಮನೆಗಳ ಸೂರಿಗೆ ತಗಡು ಹೊಡೆದರು, ನಲವತ್ತು ದಾಟಿದ ಮೇಲೆ ಕಂಚಿನ ಶಿಲ್ಪಿಯೆಂದು ಹೆಸರಾದರು." ಇದನ್ನು ಫೋನಿನಲ್ಲಿ ಓದಿ ಹೇಳಿದಾಗ, ಈ ಕಥೆ ಯಾರದೋ ಆ ತಾರಕ್ಕ ಆಕಳಿಸಿದಳು.

"ಏನೋ ರಘು ಇದು, ಸನ್ಮಾನಪತ್ರ ಓದ್ದಂಗೈತೆ. ಕೊನೇಲಿ ಶಾಲು ಹೊದಿಸ್ತೀಯಾ?" ಎಂದಳು.

ಎರಡನೆಯ ಆರಂಭ ಬೆಂಕಿಯಿಂದ. ಕುಲುಮೆ, ಕರಗಿದ ಕಂಚು, ಕಿತ್ತಳೆ ಬೆಳಕು. ಬರೆಯುವಾಗ ನನಗೇ ಮೈ ಬಿಸಿಯಾಯಿತು. ಆಮೇಲೆ ನೆನಪಾಯಿತು, ನಾನು ಎರಕ ಹೊಯ್ಯುವುದನ್ನು ಕಣ್ಣಾರೆ ಕಂಡವನೇ ಅಲ್ಲ. ನಾನು ಹತ್ತಿರದಿಂದ ಕಂಡ ಬೆಂಕಿಯೆಂದರೆ ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಜೋಳ ಸುಟ್ಟ ಬಾರ್ಬೆಕ್ಯೂ.

ಮೂರನೆಯದನ್ನು ತಾರಕ್ಕನ ಬಾಯಲ್ಲೇ ಹೇಳಿಸಿದ್ದೆ, "ನಾನು ನಾಗಮಂಗಲದ ಎರಕದವರ ಮಗಳು" ಎಂದು. ಅದಕ್ಕೂ ತಕರಾರು ಬಂತು. "ನಾನು ಅನ್ನಾಕೆ ನಾನಿದೀನಿ. ನೀನು ಅವಳು ಅಂತ ಬರಿ."

ಸರಿ. ಅವಳು.

೨

ಅವಳು ತಾರಾ. ಆಕ್ಲೆಂಡಿನಲ್ಲಿ ಮನೆಮನೆಗೆ ಹೋಗಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ನರ್ಸ್. ಐವತ್ತಕ್ಕೆ ಎರಡು ಕಡಿಮೆ. ಸಣ್ಣ ಬಿಳಿ ಕಾರಿನ ಡಿಕ್ಕಿ ತುಂಬ ಬ್ಯಾಂಡೇಜು, ಮುಂದಿನ ಸೀಟಿನಲ್ಲಿ ಸ್ಟೀಲಿನ ಊಟದ ಡಬ್ಬಿ.

ಅವಳ ತಂದೆ ನರಸಿಂಹಾಚಾರ್ ನಾಗಮಂಗಲದಲ್ಲಿ ದೇವರ ವಿಗ್ರಹ ಎರಕ ಹೊಯ್ಯುತ್ತಿದ್ದರು. ಕೆಲಸದ ಕ್ರಮ ಸುಲಭ, ಹೇಳುವುದಕ್ಕೆ ಮಾತ್ರ. ಮೊದಲು ಮೇಣದಲ್ಲಿ ವಿಗ್ರಹ ಮಾಡಬೇಕು. ಅದರ ಮೇಲೆ ಮಣ್ಣು ಮೆತ್ತಿ ಒಣಗಿಸಬೇಕು. ಕಾಯಿಸಿದರೆ ಒಳಗಿನ ಮೇಣ ಕರಗಿ ಹರಿದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ಲೋಹ ಹೊಯ್ದರೆ, ಮೇಣ ಹೇಗಿತ್ತೋ ಹಾಗೇ ಕಂಚು. ಮೇಣದಲ್ಲಿ ಬೆರಳಿನ ಗುರುತು ಉಳಿದಿದ್ದರೆ ಅದೂ ಕಂಚಾಗುತ್ತದೆ.

ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಮೇಣ ನಾದುವ ಕೆಲಸ, ಹಲಗೆಯ ಮೇಲೆ ಸಣ್ಣ ಎಳೆ ಹೊಸೆಯುವ ಕೆಲಸ. ದೇವಿಯ ಕಾಲಂದುಗೆ, ಸರ, ಡಾಬು ಎಲ್ಲ ತಾರಾ ಹೊಸೆದ ಎಳೆಗಳೇ. ಮುಖವನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಮುಖ ಅಪ್ಪನದು. ಅಪ್ಪ ತೆಂಗಿನ ಗರಿಯನ್ನು ಸೀಳಿ, ಮಡಿಸಿ, ಅಳತೆಪಟ್ಟಿ ಮಾಡಿಕೊಂಡು ಮುಖಕ್ಕೆ ಕೂತರೆ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುತ್ತಲೂ ಇರಲಿಲ್ಲ. ತಾರಾ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಆ ಅಳತೆ ಅವಳಿಗೆ ಮಗ್ಗಿಯಷ್ಟೇ ಬಾಯಿಪಾಠವಾಗಿತ್ತು.

(ನಾನು ಯಾರೆಂದು ಕೇಳಿದಿರಾ? ಕೇಳಲಿಲ್ಲ. ಆದರೂ ಹೇಳುತ್ತೇನೆ. ಹೆಸರು ರಘುನಾಥ್, ಊರು ಮೈಸೂರು, ಮನೆ ಇದೇ ಆಕ್ಲೆಂಡಿನ ಮೌಂಟ್ ರಾಸ್ಕಿಲ್. ಕೆಲಸ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಕಥೆ ಬರೆಯುವುದು ಬಸ್ಸಿನಲ್ಲಿ. ತಾರಕ್ಕನ ಪರಿಚಯವಾದದ್ದು ಯುಗಾದಿ ಊಟದಲ್ಲಿ. ಎರಡನೇ ಸಲ ಹೋಳಿಗೆಗೆ ತಟ್ಟೆ ಚಾಚಿದವನಿಗೆ ಬಡಿಸುತ್ತಲೇ, ಕಥೆ ಬರೆಯುವವನು ನೀನೇನಾ ಎಂದು ಕೇಳಿದ್ದಳು.)

೩

ಮೂರನೆಯ ಭಾಗದಲ್ಲಿ ಡಚ್ಚರ ವಲಸೆಯ ಇತಿಹಾಸವಿತ್ತು. ಲೈಬ್ರರಿಗೆ ಹೋಗಿ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ತೆಗೆದಿದ್ದೇನೆ. ನಿಮ್ಮ ಮುಖದಲ್ಲಿ ನಿರಾಳ ಕಾಣುತ್ತಿದೆ.

೪

ಮಾರ್ಟೆನ್ ಬದುಕಿದ್ದಾರೆ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಒಂದು ಕರಡಿನಲ್ಲಿ ಅವರನ್ನು ಎರಕದ ದಿನವೇ ಸಾಯಿಸಿದ್ದೆ, ಓದಿದವರಿಗೆ ಗಂಟಲು ಕಟ್ಟಲಿ ಎಂದು. ತಾರಕ್ಕ ಎರಡು ವಾರ ನನ್ನ ಫೋನ್ ಎತ್ತಲಿಲ್ಲ. ಅವರನ್ನು ಮತ್ತೆ ಬದುಕಿಸಿದ ಮೇಲೆಯೇ "ಹಲೋ" ಎಂದದ್ದು.

ತಾರಾ ಅವರ ಮನೆಗೆ ಮೊದಲು ಹೋದದ್ದು ೨೦೧೩ರ ಕೊನೆಯಲ್ಲಿ. ಹಿಲ್ಸ್‌ಬರೋದಲ್ಲಿ ಸಮುದ್ರದ ಕಡೆಗೆ ಇಳಿಯುವ ರಸ್ತೆಯ ಮರದ ಮನೆ. ಎಂಬತ್ತಮೂರರ ಮುದುಕ, ಆರಡಿಯ ಮೇಲೆ ಎರಡಂಗುಲ, ಎಡಗಾಲಿನಲ್ಲಿ ಮಾಯದ ಹುಣ್ಣು. ಮಂಗಳವಾರ ಮತ್ತು ಶುಕ್ರವಾರ ಡ್ರೆಸ್ಸಿಂಗ್. ಕಣ್ಣು ಒಂದು ವಿಚಿತ್ರ ರೀತಿಯಲ್ಲಿ ಹೋಗಿತ್ತು. ಅಂಚುಗಳು ಕಾಣುತ್ತಿದ್ದವು, ಮಧ್ಯ ಮಾತ್ರ ಮಸುಕು. ಎದುರು ಕೂತವರ ಕಿವಿ, ಭುಜ ಕಾಣುತ್ತದೆ, ಮುಖ ಕಾಣುವುದಿಲ್ಲ. ಆದ್ದರಿಂದ ಅವರು ಬೆರಳಿನಿಂದಲೇ ಕೆಲಸ ಮಾಡುತ್ತಿದ್ದರು.

ಮನೆಗೆ ಅಂಟಿಕೊಂಡ ಗ್ಯಾರೇಜೇ ಸ್ಟುಡಿಯೋ. ಅಲ್ಲಿ ಕಂಚಿನ ಸೀಗಲ್ ಹಕ್ಕಿಗಳು, ಕುರಿ ಕಾಯುವ ನಾಯಿಗಳು, ಯಾವುದೋ ಶಾಲೆಯವರು ಬೇಡವೆಂದ ಒಬ್ಬ ಹೆಡ್‌ಮಾಸ್ಟರು. ಮಧ್ಯದ ಸ್ಟ್ಯಾಂಡಿನ ಮೇಲೆ ಬಟ್ಟೆ ಹೊದ್ದ ಒಂದು ತಲೆ.

"ಯಾರಿದು?" ಎಂದು ಕೇಳಿದ್ದಳು ತಾರಾ.

ಇಲ್ಲಿ ಒಂದು ಸಮಸ್ಯೆ. ಮಾರ್ಟೆನ್ ಮಾತಾಡುವುದು ಡಚ್ಚು ಬೆರೆತ ಇಂಗ್ಲಿಷು. ಅವರ ಬಾಯಲ್ಲಿ ಯಾವ ಜಿಲ್ಲೆಯ ಕನ್ನಡ ಇಡಲಿ? ಮೈಸೂರಿನದನ್ನಿಟ್ಟು ನೋಡಿದೆ, ರಿಟೈರಾದ ಪ್ರೊಫೆಸರರ ಹಾಗೆ ಕೇಳಿಸಿತು. "ನಮ್ಮ ಮಂಡ್ಯದ್ದೇ ಇಡು, ಅವ್ರು ಮಾತಾಡಾದು ಹಂಗೇ," ಎಂದಳು ತಾರಕ್ಕ. ಇಟ್ಟಿದ್ದೇನೆ.

"ನನ್ನ ಹೆಂಡ್ರು, ಯೋಹಾನಾ," ಎಂದರು ಮಾರ್ಟೆನ್. "ಹೋಗಿ ಆರು ವರ್ಸ ಆಯ್ತು. ಊರೋರ ಮುಖ ಎಲ್ಲಾ ಮಾಡಿವ್ನಿ, ಇವಳ್ದು ಮಾಡಿರ್ನಿಲ್ಲ. ನಾಳೆ ಮಾಡಾಣ ಅಂತ ಐವತ್ತು ವರ್ಸ ತಳ್ಳಿದ್ದಾಯ್ತು."

ತಾರಾ ಮೂಲೆಯಲ್ಲಿದ್ದ ಮೇಣದ ಚೂರೊಂದನ್ನು ಚಿವುಟಿ, ತಿಕ್ಕಿ, ಮೂಸಿದಳು. "ಮೇಣ ಗಟ್ಟಿ ನಿಲ್ಲಾಕೆ ರಾಳ ಕಮ್ಮಿ ಆಯ್ತು ಇದಕ್ಕೆ," ಎಂದಳು. ಮುದುಕ ಕತ್ತು ವಾರೆ ಮಾಡಿ, ಮಸುಕಿನ ಪಕ್ಕದ ಅಂಚಿನಿಂದ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಅಂದಿನಿಂದ ಡ್ರೆಸ್ಸಿಂಗು ಸ್ಟುಡಿಯೋದಲ್ಲೇ ನಡೆಯಿತು. ಅವರು ಅವಳಿಗೆ ಉಪ್ಪು ಹಾಕಿದ ಕರಿ ಡಚ್ ಮಿಠಾಯಿ ಕೊಡುವರು, ಅವಳು ಅದನ್ನು ಗುಟ್ಟಾಗಿ ಟಿಶ್ಯೂ ಕಾಗದಕ್ಕೆ ಉಗುಳುವಳು. ಅವಳು ಮಾವಿನ ಉಪ್ಪಿನಕಾಯಿ ಕೊಡುವಳು, ಅವರು ಅದನ್ನು ಬ್ರೆಡ್ಡಿಗೆ ಬಳಿದು ತಿನ್ನುವರು. ಕೆಲವು ತಿಂಗಳಾದ ಮೇಲೆ ಅವಳು ಉಗುಳುವುದನ್ನು ನಿಲ್ಲಿಸಿದಳು.

೫

ಈಗ ಆ ಮಂಗಳವಾರ. ೨೦೧೪ರ ಜುಲೈ, ಇಲ್ಲಿ ನಡುಚಳಿಗಾಲ, ದಕ್ಷಿಣದ ಗಾಳಿ, ಮೂಳೆಗಿಳಿಯುವ ಚಳಿ.

ಮೊದಲು ಎರಡು ಮಾತು ತಿಳಿದಿರಲಿ. ಒಂದು, ಸಾಮಾನ್ಯವಾಗಿ ಈ ಶಿಲ್ಪಿಗಳು ಜೇಡಿಮಣ್ಣಿನಲ್ಲಿ ಮಾಡಿ, ಅದರಿಂದ ರಬ್ಬರಿನ ಅಚ್ಚು ತೆಗೆದು, ಅದರಲ್ಲಿ ಮೇಣ ಹೊಯ್ದುಕೊಳ್ಳುತ್ತಾರೆ. ಮೇಣ ಕೆಟ್ಟರೆ ಇನ್ನೊಂದು ತೆಗೆಯಬಹುದು. ಮಾರ್ಟೆನ್‌ಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಪ್ಲಾಸ್ಟರಿನ ತಿರುಳಿನ ಮೇಲೆ ನೇರ ಮೇಣದಲ್ಲೇ ಯೋಹಾನಾಳನ್ನು ಮಾಡಿದ್ದರು. ಅಚ್ಚಿಲ್ಲ. ಇರುವುದು ಇದೊಂದೇ. ಎರಡು, ಗುರುವಾರ ಬೆಳಿಗ್ಗೆ ಹತ್ತಕ್ಕೆ ಫೌಂಡ್ರಿಯ ವ್ಯಾನು ಬಂದು ಅವಳನ್ನು ಎರಕಕ್ಕೆ ಒಯ್ಯುವುದಿತ್ತು.

ಸ್ಟುಡಿಯೋದಲ್ಲಿ ಹೀಟರ್ ಕೂಡದು, ಅದು ಅವರ ಕಟ್ಟಪ್ಪಣೆ. ಅವರು ಮೂರು ಸ್ವೆಟರು ಹಾಕಿಕೊಂಡು ಕೂರುತ್ತಿದ್ದರು. ಅಂದು ಬ್ಯಾಂಡೇಜು ಬಿಚ್ಚಿದರೆ ಕಾಲ್ಬೆರಳು ನೀಲಿಗಟ್ಟಿದ್ದವು. ನರ್ಸಿಗೆ ಗಾಬರಿಯಾಯಿತು. ಬಾತ್‌ರೂಮಿನಿಂದ ಫ್ಯಾನ್ ಹೀಟರ್ ತಂದು ಇಟ್ಟಳು.

"ಮೇಣ," ಎಂದರು ಮಾರ್ಟೆನ್.

"ಹತ್ತೇ ನಿಮಿಷ ಅಂಕಲ್. ಆಮೇಲೆ ಆರಿಸ್ತೀನಿ."

ಡ್ರೆಸ್ಸಿಂಗ್ ಮುಗಿಯಿತು. ಅವರಿಗೆ ಕಣ್ಣು ಎಳೆಯುತ್ತಿತ್ತು. ಅವಳು ಎಬ್ಬಿಸಿ, ನಡೆಸಿಕೊಂಡು ಹೋಗಿ ಮಲಗಿಸಿದಳು. ಕುರ್ಚಿ ಸರಿಸುವಾಗ ಹೀಟರಿನ ಮುಖ ಸ್ಟ್ಯಾಂಡಿನ ಕಡೆಗೆ ತಿರುಗಿದ್ದು ಅವಳ ಲಕ್ಷ್ಯಕ್ಕೆ ಬರಲಿಲ್ಲ. ಅಡುಗೆಮನೆಯಲ್ಲಿ ರಿಪೋರ್ಟು ಬರೆದಳು. ಆಫೀಸಿನಿಂದ ಬಂದ ಫೋನಿಗೆ ಉತ್ತರಿಸಿದಳು. ಎರಡು ಕಪ್ಪು ತೊಳೆಯುತ್ತ ನಿಂತಾಗ ಮೂಗಿಗೆ ಒಂದು ವಾಸನೆ ಬಂತು. ಮನೆಯ ವಾಸನೆ. ನಾಗಮಂಗಲದ ಹಿತ್ತಿಲು, ಅಮ್ಮ, ಹಿತ್ತಾಳೆ ಬೋಗುಣಿಯ ತಣ್ಣೀರಿನಲ್ಲಿ ತೇಲುವ ಮೇಣದ ಕೈಕಾಲುಗಳು. ತಾರಾ ಕಣ್ಣು ಮುಚ್ಚಿ ಇನ್ನೊಮ್ಮೆ ಉಸಿರೆಳೆದುಕೊಂಡಳು. ಎಷ್ಟು ವರ್ಷವಾಗಿತ್ತು ಎಂದುಕೊಂಡಳು. ಹಾಗೆ ಎಷ್ಟು ಹೊತ್ತು ನಿಂತಿದ್ದಳೋ ಅವಳಿಗೇ ಗೊತ್ತಿಲ್ಲ.

ಆಮೇಲೆ ಕಪ್ಪು ಕೈಯಿಂದ ಜಾರಿ ಸಿಂಕಿಗೆ ಬಿತ್ತು.

ಓಡಿಹೋಗಿ ನೋಡಿದರೆ ಯೋಹಾನಾಳ ಎಡಗೆನ್ನೆ ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಜಾರಿತ್ತು. ಒಳಗಿನ ಪ್ಲಾಸ್ಟರು ಬೆಳ್ಳಗೆ ಇಣುಕುತ್ತಿತ್ತು.

೬

(ಇಲ್ಲಿ ಕಥೆಗಾರ ಒಂದು ಅಧ್ಯಾಯ ಪೂರ್ತಿ ಅವಳನ್ನು ಅಳಿಸಿದ್ದ. "ನಾನು ಅಳ್ನಿಲ್ಲ. ಅಳಾಕೆ ಟೈಮೆಲ್ಲಿತ್ತು?" ಎಂದಳು ತಾರಕ್ಕ.)

ಅವಳು ಮೊದಲು ಹೀಟರ್ ಆರಿಸಿದಳು. ಮುಂದಿನ ಮನೆಗೆ ಫೋನು ಮಾಡಿ ತಡವಾಗುತ್ತದೆ ಎಂದಳು. ಪಾತ್ರೆ ತೊಳೆಯುವ ಟಬ್ಬಿಗೆ ತಣ್ಣೀರು ತುಂಬಿ ತಂದಳು. ತನ್ನ ಚೀಲದ ಚಿಮಟವನ್ನು ಒಲೆಯ ಮೇಲೆ ಕಾಯಿಸಿದಳು. ಜಾರಿದ ಮೇಣವನ್ನು ಎತ್ತಿ, ನೀರಿಗೆ ಹಾಕಿ, ನಾದಿ, ತೆಳ್ಳಗೆ ತಟ್ಟಿ ಮತ್ತೆ ಕೂರಿಸತೊಡಗಿದಳು.

ಕೂರಿಸುವುದು ಹೇಗೆಂದು ನೋಡಿಕೊಳ್ಳಲು ಫೋಟೋ ಇರಲಿಲ್ಲ. ಆಲ್ಬಮ್‌ಗಳನ್ನೆಲ್ಲ ಮಾರ್ಟೆನ್ ಅವರ ಮಗಳು ಸ್ಕ್ಯಾನ್ ಮಾಡಿಸಲು ವೆಲಿಂಗ್ಟನ್ನಿಗೆ ಒಯ್ದಿದ್ದಳು. ಯೋಹಾನಾಳನ್ನು ತಾರಾ ಕಂಡವಳೂ ಅಲ್ಲ. ಆಗ ಅವಳ ಕೈ, ಅವಳನ್ನು ಕೇಳದೆ, ಪಕ್ಕದ ಬಲಗೆನ್ನೆಯನ್ನೂ ಕೇಳದೆ, ಬ್ಯಾಂಡೇಜಿನ ಪಟ್ಟಿಯೊಂದನ್ನು ಹರಿದು ಮಡಿಸಿತು. ಮೂರು ಸಮ ಮಡಿಕೆ. ಕೂದಲಿನ ಅಂಚಿನಿಂದ ಹುಬ್ಬಿಗೊಂದು, ಹುಬ್ಬಿನಿಂದ ಮೂಗಿನ ತುದಿಗೊಂದು, ಅಲ್ಲಿಂದ ಗಲ್ಲಕ್ಕೊಂದು. ಕೆನ್ನೆಯ ಉಬ್ಬು ಎಲ್ಲಿ ಶುರುವಾಗಿ ಎಲ್ಲಿ ಇಳಿಯಬೇಕೆಂದು ಪಟ್ಟಿ ಹೇಳಿತು, ಹೆಬ್ಬೆರಳು ಕೇಳಿತು. ಒಂದು ಗಂಟೆ. ಸೀಗಲ್‌ಗಳು, ಕುರಿನಾಯಿಗಳು, ಹೆಡ್‌ಮಾಸ್ಟರು ಎಲ್ಲರೂ ನೋಡುತ್ತಿದ್ದರು. ಯಾರೂ ಕೆಮ್ಮಲಿಲ್ಲ.

ಮುಗಿಸಿ ದೂರ ನಿಂತು ನೋಡಿದಾಗ ಕೆನ್ನೆ ಅವಳ ಕಣ್ಣಿಗೆ ಸರಿಯಾಗಿಯೇ ಕಂಡಿತು. ತೊಂದರೆ ಇದ್ದದ್ದು ಅಲ್ಲೇ. ಬಟ್ಟೆ ಹೊದಿಸಿ, ಮಲಗಿದ್ದವರನ್ನು ಎಬ್ಬಿಸದೆ, ಕಾರು ಹತ್ತಿದಳು. ಮೌಂಟ್ ಆಲ್ಬರ್ಟ್ ರೋಡಿನ ಸಿಗ್ನಲ್ಲಿನಲ್ಲಿ ನಿಂತಾಗ ಒಬ್ಬ ಬಿಳಿಯ ಮುದುಕಿ ಎದುರಿಗೆ ರಸ್ತೆ ದಾಟಿದಳು. ಉದ್ದ ಮುಖ. ಕೆನ್ನೆ ಮೂಳೆಯಿಂದ ಸೀದಾ ಕೆಳಗಿಳಿದಿತ್ತು. ಯೋಹಾನಾಳ ಬಲಗೆನ್ನೆ ಹಾಗೇ ಇತ್ತು, ಬತ್ತಿದ್ದು, ಮಾರ್ಟೆನ್ ಮಾಡಿದ್ದು. ತಾನು ಎಡಕ್ಕೆ ಕೂರಿಸಿ ಬಂದದ್ದು ಅಪ್ಪನ ಲಕ್ಷ್ಮಿ ವಿಗ್ರಹದ ತುಂಬುಗೆನ್ನೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

೭

"ಹೇಳದೇ ಇದ್ರೆ ಅದೇ ಕಂಚಾಗ್ಬಿಡ್ತದೆ," ಎಂದು ಬುಧವಾರ ನನಗೆ ಫೋನು ಮಾಡಿದಳು ತಾರಕ್ಕ. ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ. "ಅವ್ರ ಹೆಂಡ್ರ ಮುಖದಾಗೆ ನನ್ನ ಕೆನ್ನೆ, ಸಾವ್ರ ವರ್ಸ."

"ಹೇಳಿಬಿಡಿ ತಾರಕ್ಕ. ಬೇಕಂತ ಮಾಡಿದ್ದಲ್ಲವಲ್ಲ."

"ಕೆಡಿಸಿದ್ದು ಹೇಳ್ಬೋದು ಕಣೋ. ಅದಲ್ಲ. ಆ ಒಂದು ಗಂಟೆ ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ಅಪ್ಪ ಒಂದಿನ ಮುಖ ಮುಟ್ಟಾಕೆ ಬಿಟ್ಟೋರಲ್ಲ. ಪಾಪ, ಆ ಮುದುಕ ಅಲ್ಲಿ ಮಲ್ಗವ್ರೆ, ನಾನಿಲ್ಲಿ ಅವ್ರ ಹೆಂಡ್ರನ್ನ ಕೆಡಿಸ್ಕೊಂಡು ಖುಷಿ ಪಡ್ತಾ ಇದೀನಿ. ಅದನ್ನ ಹೆಂಗ್ ಹೇಳಾದು?"

ನಾಚಿಕೆಯ ವಿಷಯವೆಂದರೆ, ಫೋನಿಟ್ಟ ಮರುಕ್ಷಣ ನನಗೆ ಹೊಳೆದದ್ದು ಇದು ಒಳ್ಳೆಯ ಕಥೆಯಾಗುತ್ತದೆ ಎಂದು.

೮

ಮುಕ್ತಾಯಗಳು. ಎಲ್ಲವನ್ನೂ ತಾರಕ್ಕನಿಗೆ ಓದಿ ಹೇಳಿದ್ದೇನೆ.

ಮುಕ್ತಾಯ ಅ. ತಾರಾ ಹೇಳುವುದಿಲ್ಲ. ಮಾರ್ಟೆನ್‌ಗೆ ತಿಳಿಯುವುದಿಲ್ಲ. ವ್ಯಾನು ಬರುತ್ತದೆ, ಯೋಹಾನಾ ಕಂಚಾಗುತ್ತಾಳೆ. ತಾರಾ ಪ್ರತಿ ಮಂಗಳವಾರ ತಲೆತಗ್ಗಿಸಿ ಬ್ಯಾಂಡೇಜು ಕಟ್ಟುತ್ತಾಳೆ.

"ಅವ್ರ ಬೆರಳು ನಿಂಗೊತ್ತಿಲ್ಲ. ತಿಳೀದೇ ಇರ್ತದಾ?"

ಮುಕ್ತಾಯ ಆ. ಮಾರ್ಟೆನ್ ಕೆನ್ನೆ ಸವರಿ ಸಿಡಿದೇಳುತ್ತಾರೆ. ಆಫೀಸಿಗೆ ದೂರು ಹೋಗುತ್ತದೆ. ವಿಚಾರಣೆ, ಪತ್ರ, ಕಣ್ಣೀರು.

"ನನ್ನ ನರ್ಸ್ ರಿಜಿಸ್ಟ್ರೇಷನ್ನೇ ತೆಗ್ಸಿಬಿಟ್ಟೆ. ನಿಂಗೇನೋ ಮಾಡಿದ್ದೆ ನಾನು? ಹೋಳಿಗೆ ಎರಡು ಸಲ ಹಾಕಿದ್ದಾ?"

ಮುಕ್ತಾಯ ಇ. ಮಾರ್ಟೆನ್ ಸವರುತ್ತಾರೆ, ಕಣ್ಣಲ್ಲಿ ನೀರು ತುಂಬಿಕೊಂಡು, "ಮದುವೆಯ ದಿನ ಇವಳ ಕೆನ್ನೆ ಹೀಗೇ ಇತ್ತು," ಎನ್ನುತ್ತಾರೆ. ಇದನ್ನು ಬರೆದು ನಾನೇ ಬಸ್ಸಿನಲ್ಲಿ ಮೂಗೊರೆಸಿಕೊಂಡಿದ್ದೆ.

"ಸಕ್ಕರೆ ಜಾಸ್ತಿ ಆಯ್ತು," ಎಂದಳು ತಾರಕ್ಕ.

"ಹಾಗಾದರೆ ಆದದ್ದೇನು, ನೀವೇ ಹೇಳಿ."

"ಗುರುವಾರ ಎಂಟೂವರೆಗೆ ಹೋದೆ. ಹೇಳ್ದೆ."

"ಎಲ್ಲಾನೂ? ಖುಷಿ ಆದದ್ದು?"

"ಮೊದ್ಲು ಅದನ್ನೇ ಹೇಳ್ದೆ."

"ಅವರು ಏನಂದರು?"

"ಅದು ನಿಂಗ್ಯಾಕೆ? ನಾವಿಬ್ರೂ ಕೆಲಸ ಮಾಡೋರು, ಏನೋ ಮಾತಾಡ್ಕೊಂಡೋ. ಹತ್ತು ಗಂಟೆಗೆ ವ್ಯಾನು ಬಂತು, ಖಾಲಿ ವಾಪಸ್ ಹೋಯ್ತು. ಮತ್ತೆ ಬಂದದ್ದು ಹನ್ನೊಂದು ದಿನ ಬಿಟ್ಟು. ಅಷ್ಟು ಬೇಕಾದ್ರೆ ಬರ್ಕೊ."

ಆ ಹನ್ನೊಂದು ದಿನಗಳು ನನಗೆ ಸಿಕ್ಕಿಲ್ಲ. ಎಷ್ಟು ಗೋಗರೆದರೂ ಅವಳು ಬಾಯಿ ಬಿಡಲಿಲ್ಲ. ಆ ದಿನಗಳಲ್ಲಿ ಅವಳು ಶನಿವಾರ, ಭಾನುವಾರವೂ ಹಿಲ್ಸ್‌ಬರೋಗೆ ಹೋಗಿದ್ದಳೆಂದು ಅವಳ ಗಂಡ ಮಂಜುನಾಥ್ ಭಾವ ಹೇಳಿದರು. ಉಗುರ ಸಂದಿಯಲ್ಲಿ ಮೇಣ ಇಟ್ಟುಕೊಂಡೇ ಚಪಾತಿ ಲಟ್ಟಿಸಿದಳಂತೆ.

೯

ಎರಡು ವರ್ಷವಾದ ಮೇಲೆ, ೨೦೧೬ರ ಬೇಸಿಗೆಯ ಒಂದು ಶನಿವಾರ, ತಾರಕ್ಕ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದಳು. ಕಾಲಿನ ಹುಣ್ಣು ಮಾಯ್ದಿತ್ತು. ಆದರೂ ಅವಳು ಮಂಗಳವಾರ ಹೋಗುವುದನ್ನು ಬಿಟ್ಟಿರಲಿಲ್ಲ.

ಮಾರ್ಟೆನ್ ಹಿತ್ತಿಲಲ್ಲಿ ನಿಂಬೆ ಗಿಡದ ಪಕ್ಕ ಕೂತಿದ್ದರು. ಎದುರಿಗೆ ಕಲ್ಲಿನ ಕಂಬದ ಮೇಲೆ ಯೋಹಾನಾ. ನನ್ನ ಎಲ್ಲ ಕರಡುಗಳಲ್ಲಿ ಅವಳನ್ನು ಗಂಭೀರೆಯೆಂದು ಬರೆದಿದ್ದೆ. ಅವಳು ಹಾಗಿರಲಿಲ್ಲ. ಯಾರೋ ಬೇಡದ ಸಮಯದಲ್ಲಿ ಬಾಗಿಲು ತಟ್ಟಿದಾಗ ತೆರೆದು, ಪರವಾಗಿಲ್ಲ ಬನ್ನಿ ಎನ್ನುವವಳ ಮುಖ.

"ನೀನೇನಾ ನನ್ನ ಸಾಯ್ಸಿದೋನು?" ಎಂದರು ಮಾರ್ಟೆನ್. ತಾರಕ್ಕ ಎಲ್ಲವನ್ನೂ ವರದಿ ಮಾಡಿದ್ದಳು.

"ಒಂದೇ ಕರಡಿನಲ್ಲಿ ಸರ್. ತಿದ್ದಿದ್ದೇನೆ."

"ಒಳ್ಳೇದಾಯ್ತು. ಕಾಫಿ ಕುಡುದ್ಯಾ? ಬಾ ಇಲ್ಲಿ. ಕಣ್ಮುಚ್ಕೊ. ಎರಡು ಕೈಲೂ ಮುಟ್ಟು. ಯಾವ ಕೆನ್ನೆ ನಂದು, ಯಾವುದು ತಾರಾಳ್ದು, ಹೇಳು ನೋಡಾಣ."

ನಾನು ಕಣ್ಣು ಮುಚ್ಚಿ ಮುಟ್ಟಿದೆ. ಬಿಸಿಲಿಗೆ ಕಂಚು ಬೆಚ್ಚಗಿತ್ತು. ಎಡಗೆನ್ನೆ ತುಂಬಿರುತ್ತದೆ, ಬಲಗೆನ್ನೆ ಬತ್ತಿರುತ್ತದೆ ಎಂದು ನನ್ನ ಬೆರಳು ತಯಾರಾಗಿ ಹೋಗಿತ್ತು. ಎರಡೂ ಒಂದೇ ಸಮ ಇದ್ದವು. ಪೂರ್ತಿ ತುಂಬಿರಲೂ ಇಲ್ಲ, ಪೂರ್ತಿ ಬತ್ತಿರಲೂ ಇಲ್ಲ. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮೂರು ಸಲ ಸವರಿದೆ. ಸಿಗಲಿಲ್ಲ.

"ಗೊತ್ತಾಗುತ್ತಿಲ್ಲ ಸರ್," ಎಂದೆ.

"ಹಂಗಾದ್ರೆ ಎರಕ ಚೆನ್ನಾಗಿ ಬಂದೈತೆ ಅಂತಾಯ್ತು," ಎಂದು ಅವರು ಕಪ್ಪು ಎತ್ತಿಕೊಂಡರು. ತಾರಕ್ಕ ಗಿಡದಿಂದ ನಿಂಬೆಹಣ್ಣು ಕೀಳುತ್ತ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಳು. ಅವಳು ನಗುತ್ತಿದ್ದಳೋ ಇಲ್ಲವೋ ನನಗೆ ಕಾಣಲಿಲ್ಲ. ಬರೆಯುವಾಗ ನಗಿಸಬಹುದಿತ್ತು, ಬಿಟ್ಟಿದ್ದೇನೆ.

೧೦

ಕಾರಿನಲ್ಲಿ ಹಿಂದಿರುಗುವಾಗ ಅವಳು ಸಿಗ್ನಲ್ಲಿನಲ್ಲಿ ನಿಂತು, ಡ್ಯಾಶ್‌ಬೋರ್ಡಿನ ಖಾನೆ ತೆರೆದು ಒಂದು ಕವರು ತೆಗೆದು ನನ್ನ ತೊಡೆಯ ಮೇಲಿಟ್ಟಳು. ವೆಲಿಂಗ್ಟನ್ನಿನ ಅಂಚೆ ಮುದ್ರೆ, ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು.

"ಅವ್ರ ಮಗಳು ಕಳ್ಸಿದ್ಲು, ಎರಕ ಆದ ತಿಂಗ್ಳು. ಯೋಹಾನಾ ಫೋಟೋ ಅಂತ ಫೋನಲ್ಲಿ ಹೇಳಿದ್ಲು. ಥ್ಯಾಂಕ್ಸ್ ಅಂತ."

"ತೆರೆದಿಲ್ಲವಲ್ಲ ನೀವು. ಎರಡು ವರ್ಷದಿಂದ?"

"ತೆರುದ್ರೆ ಒಂದು ಕೆನ್ನೆ ತಪ್ಪಾಗ್ಬಿಡ್ತದೆ ಕಣೋ. ಅವ್ರದ್ದೋ, ನಂದೋ." ಸಿಗ್ನಲ್ ಹಸಿರಾಯಿತು, ಅವಳು ಗೇರ್ ಬದಲಿಸಿದಳು. "ನಿಂಗೆ ಕಥೆ ಮುಗಿಸಾಕೆ ಬೇಕಾದ್ರೆ ಇಟ್ಕೊ. ನನ್ ಕೈಗೆ ಮಾತ್ರ ವಾಪಸ್ ಕೊಡ್ಬೇಡ."

ಈಗ ಅದು ನನ್ನ ಬಳಿ ಇದೆ, ಬಸ್ಸಿನಲ್ಲಿ, ನಾನು ಬರೆಯುತ್ತಿರುವ ಈ ಪುಸ್ತಕದ ಕೆಳಗೆ. ನೀವು ಪಕ್ಕದ ಸೀಟಿನಲ್ಲಿ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೀರಿ. ತೆರೆ ಎನ್ನುತ್ತಿದ್ದೀರಿ, ನನಗೆ ಕೇಳಿಸುತ್ತಿದೆ. ಇಷ್ಟು ದೂರ ಬಂದವರನ್ನು ಹೀಗೆ ಕೂರಿಸುವುದು ಸರಿಯಲ್ಲ, ಒಪ್ಪುತ್ತೇನೆ. ಇಬ್ಬರು ಹನ್ನೊಂದು ದಿನ ಕೂತು ಎರಡು ಕೆನ್ನೆ ಸಮ ಮಾಡಿದ್ದಾರೆ. ಒಬ್ಬರಿಗೆ ಕಾಣುತ್ತಿರಲಿಲ್ಲ, ಇನ್ನೊಬ್ಬಳು ಕಂಡವಳಲ್ಲ. ನನ್ನ ಕೈಯಲ್ಲಿರುವುದು ಅದನ್ನು ಕೆಡಿಸಬಲ್ಲ ಒಂದೇ ಕಾಗದ.

ಬೆಳಕಿಗೆ ಹಿಡಿದರೆ ಕಾಣುತ್ತದೇನೋ ಎಂದು ಒಮ್ಮೆ ಎತ್ತಿ ಹಿಡಿದೆ. ಕವರು ದಪ್ಪವಿತ್ತು. ಬಸ್ಸು ಡೊಮಿನಿಯನ್ ರೋಡಿಗೆ ತಿರುಗಿತು, ನಾನು ಅದನ್ನು ಮತ್ತೆ ಪುಸ್ತಕದ ಕೆಳಗಿಟ್ಟೆ.